ಪುಟ್ಟ ನಾಯಿಯ ಅಂಗಿ ಸರಿಯಾಗಿ ಕೂರುತ್ತಿಲ್ಲವೇ? ದೋಷ ಹುಡುಕಿ ಸರಿಪಡಿಸುವ ಬಗೆ

ಅಂಗಿ ಹೊಲಿದಾಯಿತು, ನಾಯಿಗೆ ಹಾಕಿಯೂ ಆಯಿತು. ಆದರೆ ಬೆನ್ನ ಮೇಲೆ ಬಟ್ಟೆ ಉಬ್ಬಿಕೊಂಡಿದೆ. ಇಲ್ಲವೇ ನಾಯಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಂಗಿ ಕುತ್ತಿಗೆಗೆ ಬಂದು ಗುಂಪುಗೂಡಿದೆ. ಹೊಸದಾಗಿ ಕಲಿಯುವವರು ಇಂಥ ಹೊತ್ತಿನಲ್ಲಿ ಉಬ್ಬಿದ ಜಾಗವನ್ನೇ ಹಿಡಿದು ಹೊಲಿದುಬಿಡುತ್ತಾರೆ. ಅಲ್ಲಿಗೆ ಅಂಗಿ ಇನ್ನಷ್ಟು ಕೆಡುತ್ತದೆ. ನಾಯಿಯ ಬಟ್ಟೆಯಲ್ಲಿ ದೋಷ ಕಾಣಿಸುವ ಜಾಗ ಒಂದು, ದೋಷ ಇರುವ ಜಾಗ ಇನ್ನೊಂದು. ಬೆನ್ನ ಮೇಲಿನ ಉಬ್ಬಿಗೆ ಕಾರಣ ಕಾಲಿನ ಹತ್ತಿರ ಇರಬಹುದು. ಗಂಟಲು ಒತ್ತುವುದಕ್ಕೆ ಕಾರಣ ಎದೆಯ ಸುತ್ತಳತೆ ಇರಬಹುದು.

ಹಾಗಾಗಿ ಕತ್ತರಿ ಆಮೇಲೆ. ಮೊದಲು ನೋಡಿ.

ನೋಡುವುದು ಹೇಗೆ

ಅಂಗಿಯ ಬೆನ್ನಿನ ನಟ್ಟನಡುವೆ ಕುತ್ತಿಗೆಯಿಂದ ಬಾಲದವರೆಗೆ ಚಾಕ್‌ಪೀಸಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ನಾಯಿಗೆ ಹಾಕಿ. ಗೆರೆ ಬೆನ್ನುಮೂಳೆಯ ಮೇಲೇ ಇದೆಯೇ ನೋಡಿ. ಆಮೇಲೆ ನಾಯಿಯನ್ನು ಕರೆದು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಸಿ. ಕೂರಿಸಿ, ಎಬ್ಬಿಸಿ. ಮತ್ತೆ ಗೆರೆ ನೋಡಿ. ಗೆರೆ ಒಂದು ಪಕ್ಕಕ್ಕೆ ಹೋಗಿದ್ದರೆ ಅಂಗಿ ತಿರುಗುತ್ತಿದೆ. ಗೆರೆ ನೇರವಾಗಿಯೇ ಇದ್ದು ಇಡೀ ಅಂಗಿ ಮುಂದೆ ಬಂದಿದ್ದರೆ ಕಾಲುಗಳು ಅದನ್ನು ಎಳೆದು ತರುತ್ತಿವೆ. ಹಿಂದಕ್ಕೆ ಹೋಗಿ ಗಂಟಲು ಬಿಗಿದಿದ್ದರೆ ಎದೆಯ ಹತ್ತಿರ ಬಿಗಿಯಿದೆ. ಈ ಮೂರನ್ನು ಬೇರೆ ಬೇರೆ ಮಾಡಿ ಗುರುತಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ಸುಕ್ಕು. ಸುಕ್ಕಿನಲ್ಲಿ ಎರಡು ಜಾತಿ. ಬಟ್ಟೆ ಜಾಸ್ತಿಯಾಗಿ ಬಿದ್ದ ಮಡಿಕೆಯನ್ನು ಎರಡು ಬೆರಳಲ್ಲಿ ಸಲೀಸಾಗಿ ಚಿವುಟಿ ಎತ್ತಬಹುದು. ಬಟ್ಟೆ ಸಾಲದೆ ಎಳೆದುಕೊಂಡ ಸುಕ್ಕು ಕೈಗೆ ಸಿಗುವುದಿಲ್ಲ, ಮುಟ್ಟಿದರೆ ಬಿಗಿಯಾಗಿರುತ್ತದೆ. ಎಳೆದ ಸುಕ್ಕು ಬಿಗಿ ಇರುವ ಜಾಗವನ್ನೇ ತೋರಿಸುತ್ತದೆ. ಅದರ ಗೆರೆ ಹಿಡಿದು ಎರಡೂ ತುದಿಗೆ ಹೋಗಿ. ಹೆಚ್ಚಿನ ಸಲ ಒಂದು ತುದಿ ಕಂಕುಳಲ್ಲಿ ಸಿಗುತ್ತದೆ.

ನಿಂತ ನಾಯಿಯ ಮೇಲೆ ಚೆಂದ ಕಂಡ ಅಂಗಿ ಸರಿಯಾಗಿದೆ ಎಂದುಕೊಳ್ಳಬೇಡಿ. ನಾಯಿ ಇಡೀ ದಿನ ನಿಂತುಕೊಂಡೇ ಇರುವುದಿಲ್ಲ, ಅಲ್ವಾ?

ಸುತ್ತಲೂ ಬಿಗಿ, ಆದರೆ ಅಳತೆ ಸರಿಯಾಗಿಯೇ ತೆಗೆದಿದ್ದೆ

ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ಇದರ ಹಿಂದೆ ಸಣ್ಣ ಲೆಕ್ಕವಿದೆ.

ಸರಳವಾದ ಅಂಗಿಯಲ್ಲಿ ಎರಡು ತುಂಡು: ಬೆನ್ನಿಗೊಂದು, ಹೊಟ್ಟೆಗೊಂದು. ಎರಡು ಪಕ್ಕದಲ್ಲಿ ಎರಡು ಹೊಲಿಗೆ. ಒಂದೊಂದು ಹೊಲಿಗೆಗೂ ಎರಡು ಅಂಚು, ಒಂದೊಂದು ಅಂಚಿಗೂ 1 ಸೆಂ.ಮೀ. ಮಾರ್ಜಿನ್, ಅಂದರೆ ಹೊಲಿಗೆಗೆಂದು ಬಿಡುವ ಹೆಚ್ಚುವರಿ ಬಟ್ಟೆ. ಪ್ಯಾಟರ್ನ್‌ನಲ್ಲಿ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ನಮೂನೆಯಲ್ಲಿ) ಮಾರ್ಜಿನ್ ಸೇರಿಲ್ಲ ಎಂಬುದನ್ನು ಗಮನಿಸದೆ ಗೆರೆಯ ಮೇಲೇ ಕತ್ತರಿಸಿದರೆ ಸುತ್ತಳತೆಯಲ್ಲಿ 4 ಸೆಂ.ಮೀ. ಹೋಯಿತು. 90 ಸೆಂ.ಮೀ. ಎದೆಯ ಮನುಷ್ಯರ ಅಂಗಿಯಲ್ಲಿ ಅದು ಸುಮಾರು ನೂರಕ್ಕೆ ನಾಲ್ಕು ಭಾಗ, ಹೇಗೋ ತೊಡಬಹುದು. 34 ಸೆಂ.ಮೀ. ಎದೆಯ ಪುಟ್ಟ ನಾಯಿಗೆ ಅದು ನೂರಕ್ಕೆ ಹೆಚ್ಚುಕಡಿಮೆ ಹನ್ನೆರಡು ಭಾಗ. ಅಂಗಿ ಮುಚ್ಚಿಕೊಳ್ಳುವುದೇ ಇಲ್ಲ. ಮಾರ್ಜಿನ್ ಬಿಟ್ಟೇ ಕತ್ತರಿಸಿದ್ದರೂ, ಹೊಲಿಯುವಾಗ 2 ಮಿ.ಮೀ. ಒಳಕ್ಕೆ ಹೋದರೆ ಸುತ್ತಳತೆಯಲ್ಲಿ 8 ಮಿ.ಮೀ. ಕಡಿಮೆಯಾಗುತ್ತದೆ. ಸಣ್ಣ ಮೈಗೆ ಹೊಲಿಯುವುದು ಸುಲಭ, ಬಟ್ಟೆ ಕಡಿಮೆ ಸಾಕು ಎಂದು ಶುರುಮಾಡುವವರು ಈ ಲೆಕ್ಕ ನೋಡಬೇಕು. ಬಟ್ಟೆ ಕಡಿಮೆ ಸಾಕು, ನಿಜ. ಎಚ್ಚರ ಮಾತ್ರ ಜಾಸ್ತಿ ಬೇಕು.

ಹಾಗಾಗಿ ಬಿಗಿಯಾದರೆ ಅಂಗಿ ಬಿಚ್ಚುವ ಮೊದಲು ಹೊಲಿಗೆಯ ಗೆರೆಯಿಂದ ಗೆರೆಗೆ ಟೇಪು ಹಿಡಿದು ಅಂಗಿಯ ಎದೆ ಸುತ್ತಳತೆ ಅಳೆಯಿರಿ. ಅದು ನಾಯಿಯ ಎದೆಗಿಂತ ಎಷ್ಟು ಹೆಚ್ಚಿದೆ? ಹಿಗ್ಗದ ಬಟ್ಟೆಯಾದರೆ 2ರಿಂದ 3 ಸೆಂ.ಮೀ. ಸಡಿಲ ಬೇಕು. ಬನಿಯನ್ ಬಟ್ಟೆಯಂತೆ ಹಿಗ್ಗುವುದಾದರೆ 1 ಸೆಂ.ಮೀ. ಆಸುಪಾಸು ಸಾಕು. ಹಾಕಿದ ಮೇಲೆ ಅಂಗಿಗೂ ಮೈಗೂ ನಡುವೆ ಎರಡು ಬೆರಳು ಆರಾಮಾಗಿ ಹೋಗಬೇಕು.

ಅಂಗಿಯ ಅಳತೆ ಪ್ಯಾಟರ್ನ್‌ನಲ್ಲಿ ಹೇಳಿದ್ದಕ್ಕಿಂತ ಎಲ್ಲ ಕಡೆಯೂ ಕಡಿಮೆ ಬಂತೇ? ಉದ್ದ, ಅಗಲ, ಕುತ್ತಿಗೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿದ್ದರೆ ಪ್ರಿಂಟ್ ತೆಗೆಯುವಾಗಲೇ ತಪ್ಪಾಗಿದೆ. ಪುಟಕ್ಕೆ ಹೊಂದಿಸಿ ಎಂಬ ಆಯ್ಕೆ ಇದ್ದರೆ ಪ್ರಿಂಟರ್ ಚಿತ್ರವನ್ನು ಸುಮ್ನೆ ಕುಗ್ಗಿಸಿಬಿಡುತ್ತದೆ. ನೂರಕ್ಕೆ ನೂರು ಅಳತೆಯಲ್ಲೇ ಪ್ರಿಂಟ್ ಮಾಡಿ, ಪ್ಯಾಟರ್ನ್‌ನಲ್ಲಿರುವ ಪರೀಕ್ಷೆಯ ಚೌಕವನ್ನು ಸ್ಕೇಲಿನಲ್ಲಿ ಅಳೆದು ನೋಡಿ. ಒಗೆದ ಮೇಲೆ ಬಿಗಿಯಾಗಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮುಂಚೆಯೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿರಬೇಕಿತ್ತು.

ಹಿಗ್ಗುವ ಬಟ್ಟೆಯಲ್ಲಿ ಇನ್ನೊಂದು ಪರೀಕ್ಷೆ. ಅಂಗಿಯನ್ನು ಅಡ್ಡಕ್ಕೆ ಎಳೆಯಿರಿ, ಉದ್ದಕ್ಕೆ ಎಳೆಯಿರಿ. ಹೆಚ್ಚು ಹಿಗ್ಗುವ ದಿಕ್ಕು ಮೈಸುತ್ತ ಬರಬೇಕು. ಉದ್ದಕ್ಕೆ ಬಂದಿದ್ದರೆ ಎದೆಯಲ್ಲಿ ಬಿಗಿ, ಬಾಲದ ಕಡೆ ಜೋಲು. ಈ ಎರಡೂ ಒಟ್ಟಿಗೆ ಕಂಡರೆ ಬಟ್ಟೆಯನ್ನು ಅಡ್ಡತಿಡ್ಡ ಕತ್ತರಿಸಿದ್ದೀರಿ ಎಂದೇ ಅರ್ಥ. ಹೊಲಿಗೆ ಬಿಚ್ಚಿ ಪ್ರಯೋಜನವಿಲ್ಲ, ಮತ್ತೆ ಕತ್ತರಿಸಬೇಕು.

ನಡೆದಾಗ ಅಂಗಿ ಮುಂದಕ್ಕೆ ಬರುತ್ತದೆ

ನಾಯಿಯ ಅಂಗಿಯಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಮುಂಗಾಲು ತೂರುವ ಆರ್ಮ್‌ಹೋಲ್. ಇಲ್ಲಿ ಸಮಯ ಕೊಟ್ಟಷ್ಟೂ ಒಳ್ಳೆಯದು.

ನಮ್ಮ ತೋಳು ಮೈಯ ಪಕ್ಕದಿಂದ ಹೊರಡುತ್ತದೆ. ನಾಯಿಯ ಮುಂಗಾಲು ಎದೆಯ ಕೆಳಗಿನಿಂದ ಇಳಿಯುತ್ತದೆ, ಮುಂದಕ್ಕೂ ಹಿಂದಕ್ಕೂ ಓಡಾಡುತ್ತದೆ. ಭುಜದ ಮೂಳೆಯೂ ಜೊತೆಗೇ ಸರಿಯುತ್ತದೆ. ಹೆಜ್ಜೆ ಮುಂದಿಟ್ಟಾಗ ಕಾಲಿನ ಮುಂಭಾಗ ಆರ್ಮ್‌ಹೋಲಿನ ಮುಂದಿನ ಅಂಚನ್ನು ತಳ್ಳುತ್ತದೆ. ಅಲ್ಲಿ ಜಾಗ ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಅಂಗಿ ಒಂದಿಷ್ಟು ಮುಂದೆ ಬರುತ್ತದೆ. ಕೊನೆಗೆ ಬಟ್ಟೆಯೆಲ್ಲ ಬೆನ್ನ ಮೇಲೆ, ಕುತ್ತಿಗೆಯ ಹಿಂದೆ ಉಬ್ಬಿ ನಿಲ್ಲುತ್ತದೆ. ನೋಡಿದವರು ಬೆನ್ನು ಉದ್ದವಾಯಿತು ಎಂದುಕೊಂಡು ಬೆನ್ನನ್ನು ಮೋಟು ಮಾಡುತ್ತಾರೆ.

ಪರೀಕ್ಷೆ ಹೀಗೆ. ನಾಯಿ ನಿಂತಿರುವಾಗ ಒಂದು ಮುಂಗಾಲನ್ನು ಮೆಲ್ಲಗೆ ಹಿಡಿದು, ನಡೆಯುವಾಗ ಹೋಗುವಷ್ಟೇ ಮುಂದಕ್ಕೆ ತನ್ನಿ. ಅದಕ್ಕಿಂತ ಹೆಚ್ಚು ಎಳೆಯಬೇಡಿ. ಇನ್ನೊಂದು ಕೈಯ ಬೆರಳು ಆರ್ಮ್‌ಹೋಲಿನ ಮುಂದಿನ ಅಂಚಿನ ಮೇಲಿರಲಿ. ಕಾಲು ಮುಂದೆ ಬರುತ್ತಿದ್ದಂತೆ ಅಂಚು ಬೆರಳಡಿಯಲ್ಲಿ ದಾರದಂತೆ ಬಿಗಿಯಾಯಿತೇ? ಹಾಗಾದರೆ ಆ ಭಾಗವನ್ನು ಕೆರೆಯಬೇಕು. ಒಂದೇ ಸಲಕ್ಕೆ ದೊಡ್ಡದಾಗಿ ಅಲ್ಲ. ಅರ್ಧ ಸೆಂ.ಮೀ. ಕಮಾನಿನಂತೆ ಗುರುತು ಮಾಡಿ ಕತ್ತರಿಸಿ, ಮತ್ತೆ ಹಾಕಿ ನೋಡಿ. ಬಟ್ಟೆ ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಹಾಗಾಗಿ ಪಟ್ಟಿ ಕೂರಿಸುವ ಮುಂಚೆಯೇ, ಬರೀ ಟಾಕ (ಕಚ್ಚಾ ಹೊಲಿಗೆ) ಹಾಕಿದ ಹಂತದಲ್ಲೇ ಈ ಪರೀಕ್ಷೆ ಮುಗಿಸಿಕೊಳ್ಳಿ.

ಮುಂದಿನ ಅಂಚು ಸಡಿಲವೇ ಇದೆ, ಆದರೂ ಅಂಗಿ ಮುಂದೆ ಬರುತ್ತಿದೆ ಎನ್ನಿ. ಆಗ ನಾಯಿಯನ್ನು ಕೂರಿಸಿ ನೋಡಿ. ಅಂಗಿ ಬಾಲದ ಬುಡದವರೆಗೂ ಇದ್ದರೆ ಕೂತಾಗ ಹಿಂಭಾಗ ಅದನ್ನು ಮುಂದಕ್ಕೆ ನೂಕುತ್ತದೆ. ಬಾಲದ ಬುಡ ಬರುವುದಕ್ಕೆ 3ರಿಂದ 5 ಸೆಂ.ಮೀ. ಮುಂಚೆಯೇ ಅಂಗಿ ಮುಗಿದರೆ ಒಳ್ಳೆಯದು. ಇಲ್ಲಿ ಮಾತ್ರ ಬೆನ್ನು ಮೋಟು ಮಾಡುವುದೇ ಮದ್ದು.

ಹೊಟ್ಟೆ ತುಂಡಿನ ಅಗಲವೂ ಆರ್ಮ್‌ಹೋಲನ್ನು ಕೆಡಿಸುತ್ತದೆ. ಎರಡು ಮುಂಗಾಲುಗಳ ನಡುವೆ ಎಷ್ಟು ಜಾಗವಿದೆಯೋ, ಆ ಮಟ್ಟದಲ್ಲಿ ತುಂಡು ಹೊಲಿದ ಮೇಲೆ ಹೆಚ್ಚುಕಡಿಮೆ ಅಷ್ಟೇ ಅಗಲ ಇರಬೇಕು. ಅಗಲ ಜಾಸ್ತಿಯಾದರೆ ಆರ್ಮ್‌ಹೋಲ್ ಪಕ್ಕಕ್ಕೆ ಹೋಗುತ್ತದೆ, ಹೆಚ್ಚಿನ ಬಟ್ಟೆ ಕಂಕುಳಲ್ಲಿ ಮುದುಡಿ ಉಜ್ಜುತ್ತದೆ. ಕಡಿಮೆಯಾದರೆ ಅಂಚು ಕಾಲಿನ ಒಳಬದಿಯನ್ನು ಕೊರೆಯುತ್ತದೆ. ಎರಡರಲ್ಲೂ ಕೊನೆಗೆ ಕಂಕುಳೇ ಕೆಂಪಾಗುವುದರಿಂದ ಯಾವುದು ಎಂದು ತಿಳಿಯಲು ನಾಯಿಯ ಮುಂದೆ ನೆಲದ ಮಟ್ಟಕ್ಕೆ ಬಗ್ಗಿ ನೋಡಬೇಕು. ಕಾಲುಗಳ ನಡುವೆ ಬಟ್ಟೆ ಜೋಲುತ್ತಿದೆಯೋ, ಬಿಗಿದು ನಿಂತಿದೆಯೋ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಪಗ್‌ನಂಥ ಅಗಲ ಎದೆಯ ನಾಯಿಗೂ ಚಿಹುವಾಹುವಾದಂಥ ಕಿರಿದಾದ ಎದೆಯದಕ್ಕೂ ಒಂದೇ ಪ್ಯಾಟರ್ನ್ ಹೊಂದದೆ ಇರುವುದು ಮುಖ್ಯವಾಗಿ ಈ ಜಾಗದಲ್ಲೇ. ತೂಕ ನೋಡಿ ಸೈಜ್ ಆರಿಸಿದರೆ ಇದು ಗೊತ್ತಾಗುವುದಿಲ್ಲ. ಒಂದೇ ತೂಕದ ಡ್ಯಾಶ್‌ಹಂಡ್ ಉದ್ದ ಬೆನ್ನಿನದು, ಪಗ್ ಮೋಟು ಬೆನ್ನಿನದು.

ಕಾಲಿನ ಹಿಂಬದಿಯಲ್ಲಿ ಆರ್ಮ್‌ಹೋಲಿನ ಅಂಚು ಕಂಕುಳಿಗೆ ತಾಗಿಕೊಂಡಿರಬಾರದು. ಒಂದೂವರೆಯಿಂದ ಎರಡು ಸೆಂ.ಮೀ. ದೂರ ಇರಲಿ. ಆದರೆ ಅದಕ್ಕಿಂತ ತುಂಬ ದೂರ ಹೋದರೆ ನಾಯಿ ಮಲಗಿ ಏಳುವಾಗ ಮೊಣಕೈ ಒಳಕ್ಕೆ ಸಿಕ್ಕಿಕೊಂಡು ಇಡೀ ಕಾಲು ಅಂಗಿಯೊಳಗೆ ಸೇರಿಬಿಡುತ್ತದೆ. ಹಾಗಾಗುತ್ತಿದ್ದರೆ ಆರ್ಮ್‌ಹೋಲಿಗೆ ಹಿಗ್ಗುವ ರಿಬ್ ಪಟ್ಟಿ ಕೊಡಿ. ತೆಳ್ಳನೆಯ ಎಲಾಸ್ಟಿಕ್ ಬೇಡ. ಅದು ಎಳೆಚರ್ಮವನ್ನು ಕೊರೆಯುತ್ತದೆ.

ಗಂಟಲು ಒತ್ತುತ್ತದೆ

ಕುತ್ತಿಗೆಯ ಅಂಚನ್ನು ಬೆರಳಲ್ಲಿ ಎಳೆದು ನೋಡಿ. ಸುತ್ತಲೂ ಬಿಗಿಯಿದ್ದರೆ ಕುತ್ತಿಗೆಯ ಸುತ್ತಳತೆ ಸಾಲದು. ಅಂಚನ್ನು ಒಂದಿಷ್ಟು ಕೆಳಗೆ ಕತ್ತರಿಸಿ ಅಗಲ ಮಾಡಿ. ಆದರೆ ಹಿಂದೆ ಸಡಿಲವಿದ್ದು ಮುಂದೆ ಗಂಟಲಿನ ಹತ್ತಿರ ಮಾತ್ರ ಒತ್ತುತ್ತಿದ್ದರೆ ಕುತ್ತಿಗೆ ಅಗಲಿಸಿ ಲಾಭವಿಲ್ಲ. ಗಂಟಲಿನ ಬುಡದಿಂದ ಮುಂಗಾಲುಗಳ ನಡುವಿನವರೆಗೆ ಇರುವ ಉದ್ದ ಕಡಿಮೆಯಾಗಿದೆ. ಹೊಸಬರು ಈ ಅಳತೆಯನ್ನು ತೆಗೆಯುವುದೇ ಇಲ್ಲ, ಬರೀ ಕುತ್ತಿಗೆ, ಎದೆ, ಬೆನ್ನು ಅಷ್ಟೇ ಬರೆದಿಟ್ಟುಕೊಳ್ಳುತ್ತಾರೆ. ಎದೆಮೂಳೆ ಮುಂದೆ ಚಾಚಿರುವ ಡ್ಯಾಶ್‌ಹಂಡ್‌ಗೆ ಇಲ್ಲಿ ಬಟ್ಟೆ ಜಾಸ್ತಿ ಬೇಕು. ಹೊಟ್ಟೆ ತುಂಡನ್ನು ಆರ್ಮ್‌ಹೋಲಿಗಿಂತ ಮುಂದೆ ಅಡ್ಡಕ್ಕೆ ಕತ್ತರಿಸಿ, ನಡುವೆ ಬೇಕಾದಷ್ಟು ಪಟ್ಟಿ ಸೇರಿಸಿ ಪರೀಕ್ಷಿಸಿ. ಉದ್ದ ಜಾಸ್ತಿಯಾಗಿದ್ದರೆ ಇದರ ತದ್ವಿರುದ್ಧ: ಕುತ್ತಿಗೆಯ ಅಂಚು ಮುಂದೆ ಜೋತುಬೀಳುತ್ತದೆ.

ಮೂರನೆಯ ಕಾರಣ ಎದೆ. ನಾಯಿಯ ಮೈ ಎದೆಯಲ್ಲಿ ದಪ್ಪ, ಸೊಂಟದಲ್ಲಿ ಸಣ್ಣ. ಎದೆಯಲ್ಲಿ ಬಿಗಿಯಾದ ಅಂಗಿ ಸಣ್ಣ ಜಾಗ ಹುಡುಕಿಕೊಂಡು ಹಿಂದಕ್ಕೆ ಜಾರುತ್ತದೆ, ಕುತ್ತಿಗೆಯನ್ನೂ ಜೊತೆಗೆ ಎಳೆಯುತ್ತದೆ. ಚಾಕ್ ಗೆರೆ ಹಿಂದಕ್ಕೆ ಹೋಗಿದ್ದರೆ ಇದೇ. ಎದೆ ಸಡಿಲಿಸಿದರೆ ಗಂಟಲು ತಾನಾಗೇ ಸರಿಹೋಗುತ್ತದೆ.

ತಲೆಯೇ ತೂರುವುದಿಲ್ಲ ಎಂದರೆ ಅದು ಬೇರೆ ಕಥೆ. ಚಿಹುವಾಹುವಾದ ಕುತ್ತಿಗೆ ಸಣ್ಣ, ತಲೆ ದಪ್ಪ. ಹಿಗ್ಗದ ಬಟ್ಟೆಯಲ್ಲಿ ಕುತ್ತಿಗೆಗೆ ಹೊಂದುವ ಕಂಡಿಯೊಳಗೆ ಆ ತಲೆ ಹೋಗಲಾರದು. ಅಂಗಿಯನ್ನು ತೆರೆಯುವ ಹಾಗೆ ಮಾಡಿ.

ಅಂಗಿ ಪಕ್ಕಕ್ಕೆ ತಿರುಗುತ್ತದೆ

ಅಂಗಿಯನ್ನು ನಾಯಿಯಿಂದ ತೆಗೆದು ಬೆನ್ನಿನ ಗೆರೆಯ ಮೇಲೆ ಮಡಚಿ ಮೇಜಿನ ಮೇಲೆ ಹರಡಿ. ಎರಡು ಅರ್ಧಗಳೂ ಅಂಚಿಗೆ ಅಂಚು ಕೂರುತ್ತವೆಯೇ? ಕೂರದಿದ್ದರೆ ಕತ್ತರಿಸುವಾಗ ಬಟ್ಟೆ ಸರಿದಿದೆ, ಇಲ್ಲವೇ ಒಂದು ಪಕ್ಕದ ಮಾರ್ಜಿನ್ ಜಾಸ್ತಿ ಹಿಡಿದಿದ್ದೀರಿ. ಸಣ್ಣ ತುಂಡುಗಳನ್ನು ಬಟ್ಟೆ ಮಡಚಿ ಕತ್ತರಿಸುವುದಕ್ಕಿಂತ ಪೂರ್ತಿ ಪ್ಯಾಟರ್ನ್ ಮಾಡಿಕೊಂಡು ಒಂದೇ ಪದರದಲ್ಲಿ ಕತ್ತರಿಸುವುದು ನನಗೆ ಹೆಚ್ಚು ನಂಬಿಕೆಯ ದಾರಿ ಎನಿಸುತ್ತದೆ.

ಎರಡೂ ಪಕ್ಕ ಸಮವಾಗಿದ್ದರೆ ಎದೆ ಸಡಿಲವಾಗಿದೆಯೇ ನೋಡಿ. ಒಂದೇ ಪಕ್ಕಕ್ಕೆ ಅಗಲದ ವೆಲ್ಕ್ರೋ ಹಾಕಿದ್ದರೂ ಅಂಗಿ ಆ ಕಡೆ ವಾಲುತ್ತದೆ. ಹಾರ್ನೆಸ್ (ನಾಯಿಯ ಎದೆಗೆ ತೊಡಿಸುವ ಪಟ್ಟಿ) ಮೇಲೆ ಅಂಗಿ ಹಾಕುವವರು ಹಗ್ಗದ ಕೊಂಡಿ ಹೊರಬರಲು ಭುಜಗಳ ನಡುವೆ ಸುಮಾರು 3 ಸೆಂ.ಮೀ. ಸೀಳು ಬಿಟ್ಟು, ಅದರ ಅಂಚನ್ನು ಕಾಜಾದಂತೆ ಹೊಲಿಯಬೇಕು. ಸೀಳು ಒಂದು ಬೆರಳಷ್ಟು ಅತ್ತಿತ್ತ ಆದರೂ ಹಗ್ಗ ಎಳೆದಾಗಲೆಲ್ಲ ಅಂಗಿ ತಿರುಗುತ್ತದೆ.

ಗಂಡು ನಾಯಿಯ ಅಂಗಿ ಒದ್ದೆಯಾಗುತ್ತದೆ

ಹೊಟ್ಟೆ ತುಂಡು ಉದ್ದವಾಯಿತು. ಪಕ್ಕೆಲುಬು ಮುಗಿಯುವ ಹತ್ತಿರಕ್ಕೇ ಅದನ್ನು ನಿಲ್ಲಿಸಿ, ಅಲ್ಲಿಂದ ಬೆನ್ನಿನ ಕಡೆಗೆ ಕಮಾನಿನಂತೆ ಏರಿಸಿ.

ನಾಯಿ ಕದಲುವುದೇ ಇಲ್ಲ

ಅಂಗಿ ಹಾಕಿದ ಕೂಡಲೇ ನಾಯಿ ಕಲ್ಲಾಗಿ ನಿಂತರೆ ಅದನ್ನು ಹಟ ಎಂದು ತಿಳಿಯಬೇಡಿ. ಬಾಲ ಕಾಲಸಂದಿಗೆ ಸೇರಿಸುವುದು, ಮೈಯನ್ನು ನೆಲಕ್ಕೆ ಉಜ್ಜುವುದು, ಒಂದೇ ಜಾಗವನ್ನು ಮತ್ತೆ ಮತ್ತೆ ಕೆರೆಯುವುದು ಎಲ್ಲವೂ ಅದು ಹೇಳುತ್ತಿರುವ ಮಾತೇ. ಅಂಗಿ ತೆಗೆಯಿರಿ. ಕಂಕುಳು, ಎದೆಯ ಕೆಳಗೆ, ಕುತ್ತಿಗೆ ಸವರಿ ನೋಡಿ. ಚರ್ಮ ಕೆಂಪಾಗಿದ್ದರೆ ಅಂಗಿಯನ್ನು ಒಳಮೈ ಹೊರಗೆ ಮಾಡಿ ಅದೇ ಜಾಗದ ಹೊಲಿಗೆಯನ್ನು ನಿಮ್ಮ ಮುಂಗೈ ಒಳಬದಿಗೆ ಉಜ್ಜಿ ನೋಡಿ. ದಪ್ಪ ಮಾರ್ಜಿನ್, ನೈಲಾನ್ ದಾರದ ತುದಿ, ವೆಲ್ಕ್ರೋದ ಮೂಲೆ, ಯಾವುದು ಚುಚ್ಚುತ್ತದೆ ಎಂದು ತಕ್ಷಣ ಗೊತ್ತಾಗುತ್ತದೆ. ಮಾರ್ಜಿನ್ ಕತ್ತರಿಸಿ ತೆಳ್ಳಗೆ ಮಾಡಿ, ಒಂದು ಪಕ್ಕಕ್ಕೆ ಮಲಗಿಸಿ ಮೇಲಿಂದ ಹೊಲಿಗೆ ಹಾಕಿ. ವೆಲ್ಕ್ರೋದ ಒರಟು ಭಾಗ ಯಾವಾಗಲೂ ಕೆಳಗಿನ ಪದರದಲ್ಲಿ ಹೊರಕ್ಕೆ ಮುಖ ಮಾಡಿರಬೇಕು, ಮೆತ್ತನೆಯದು ಮೇಲಿನ ಪದರದಲ್ಲಿ ಮೈ ಕಡೆಗೆ. ತಿರುಗಾಮುರುಗಾ ಆದರೆ ಪ್ರತಿ ಸಲ ತೆಗೆಯುವಾಗಲೂ ಕೂದಲು ಕಿತ್ತು ಬರುತ್ತದೆ. ಹಾಗೆ ಎರಡು ಸಲ ನೋವಾದ ನಾಯಿ ಆಮೇಲೆ ಅಂಗಿ ಕಂಡರೇ ಓಡುತ್ತದೆ.

ಎಲ್ಲವೂ ಸರಿಯಿದ್ದೂ ಕದಲದಿದ್ದರೆ ಅಭ್ಯಾಸವಿಲ್ಲ ಅಷ್ಟೇ. ಬಟ್ಟೆಯನ್ನು ಸುಮ್ನೆ ಬೆನ್ನ ಮೇಲೆ ಹಾಕಿ, ತಿಂಡಿ ಕೊಟ್ಟು, ತೆಗೆದುಬಿಡಿ. ಕೆಲವು ದಿನ ಹೀಗೆ ಮಾಡಿ ಆಮೇಲೆ ತೊಡಿಸಿ. ಅಂಗಿ ಹಾಕಿದ ನಾಯಿ ಏದುಸಿರು ಬಿಡುತ್ತಿದ್ದರೆ ಸೆಕೆಯಾಗಿರಬಹುದು, ತಕ್ಷಣ ತೆಗೆಯಿರಿ. ಪೊಮೆರೇನಿಯನ್‌ನಂಥ ಎರಡು ಪದರ ಕೂದಲಿನ ನಾಯಿಗೆ ಫ್ಲೀಸ್ (ಬೆಚ್ಚನೆಯ ಮೆತ್ತನೆ ಬಟ್ಟೆ) ಹೊದಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಆದರೂ ಅದಕ್ಕೊಂದು ಅಂಗಿ ಬೇಕೆಂದರೆ ತೆಳ್ಳನೆಯ ಹತ್ತಿಯಲ್ಲಿ ಹೊಲಿಯಿರಿ. ಗುಂಡಿಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು: ಕಚ್ಚಿ ಕಿತ್ತು ನುಂಗಬಹುದಾದ ಗುಂಡಿ, ಮಣಿ, ಗೆಜ್ಜೆ ಯಾವುದೂ ಬೇಡ. ಅಂಗಿ ಹಾಕಿ ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗುವುದೂ ಬೇಡ.

ಮಷಿನ್ ತೊಂದರೆ ಕೊಟ್ಟರೆ

ಬಟ್ಟೆಯ ಅಡಿಯಲ್ಲಿ ದಾರ ಗೋಜಲಾದರೆ ಎಲ್ಲರೂ ಬಾಬಿನ್ (ಅಡಿಯ ದಾರ ಸುತ್ತಿದ ಉರುಳೆ) ಬೈಯುತ್ತಾರೆ. ಸಾಮಾನ್ಯವಾಗಿ ತಪ್ಪು ಮೇಲಿನ ದಾರದ್ದು. ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಇಳಿಸಿಕೊಂಡು ದಾರ ಪೋಣಿಸಿದರೆ ಅದು ದಾರದ ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಫುಟ್ ಎತ್ತಿ ಮತ್ತೆ ಪೋಣಿಸಿ. ಟೆನ್ಷನ್ ತಿರುಪು ಮುಟ್ಟುವುದು ಅದಾದ ಮೇಲೆ.

ಬನಿಯನ್ ಬಟ್ಟೆಯಲ್ಲಿ ನಡುನಡುವೆ ಹೊಲಿಗೆ ಬಿಟ್ಟುಹೋಗುತ್ತಿದ್ದರೆ ಸೂಜಿ ಬದಲಿಸಿ. ತುದಿ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿ, 75/11 ನಂಬರ್, ತೆಳು ಬಟ್ಟೆಗೆ ಸರಿ. ದಪ್ಪ ಫ್ಲೀಸ್‌ಗೆ 90/14. ಅಂಗಿ ತೊಡಿಸುವಾಗ ಹೊಲಿಗೆ ಟಪ್ ಎಂದು ಹರಿದರೆ ನೇರ ಹೊಲಿಗೆ ಹಾಕಿದ್ದೀರಿ. ಹಿಗ್ಗುವ ಬಟ್ಟೆಗೆ ಸಣ್ಣ ಜಿಗ್‌ಜಾಗ್ ಬೇಕು, ಅಗಲ 0.5ರಿಂದ 1 ಮಿ.ಮೀ., ಉದ್ದ ಸುಮಾರು 2.5 ಮಿ.ಮೀ. ಅಂಚು ಅಲೆಅಲೆಯಾದರೆ ಹೊಲಿಯುವಾಗ ಬಟ್ಟೆಯನ್ನು ಕೈಯಲ್ಲಿ ಎಳೆಯುತ್ತಿದ್ದೀರಿ. ಎಳೆಯದೆ ದಾರಿ ತೋರಿಸಿ ಸಾಕು, ಮುಗಿದ ಮೇಲೆ ಹಬೆ ಇಸ್ತ್ರಿ ಕೊಡಿ. ಕುತ್ತಿಗೆ ಪಟ್ಟಿ ಮಾತ್ರ ಎದ್ದು ನಿಂತಿದ್ದರೆ ಪಟ್ಟಿ ಉದ್ದವಾಗಿದೆ. ರಿಬ್ ಪಟ್ಟಿ ಕಂಡಿಯ ಸುತ್ತಳತೆಯ ನೂರಕ್ಕೆ 80ರಿಂದ 85 ಭಾಗ ಇರಲಿ, ಎರಡನ್ನೂ ನಾಲ್ಕು ಸಮಭಾಗ ಮಾಡಿ ಗುರುತಿಗೆ ಗುರುತು ಪಿನ್ ಹಾಕಿ.

ಸಣ್ಣ ತುಂಡಿನ ಮೂಲೆಯನ್ನು ಮಷಿನ್ ಒಳಕ್ಕೆ ನುಂಗುವುದು ನಾಯಿ ಬಟ್ಟೆ ಹೊಲಿಯುವವರಿಗೆ ನಿತ್ಯದ ಗೋಳು. ಅಡಿಯಲ್ಲಿ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಮೊದಲ ನಾಲ್ಕೈದು ಹೊಲಿಗೆಗೆ ಎರಡೂ ದಾರದ ತುದಿಗಳನ್ನು ಹಿಂದೆ ಹಿಡಿದುಕೊಳ್ಳಿ. ಆರ್ಮ್‌ಹೋಲ್ ಮಷಿನ್ನಿನ ತೋಳಿಗೆ ತೂರದಷ್ಟು ಸಣ್ಣದಾದರೆ ಹೊಲಿಯುವ ಸರದಿಯನ್ನೇ ಬದಲಿಸಿ: ಪಕ್ಕದ ಹೊಲಿಗೆ ಮುಚ್ಚುವ ಮುಂಚೆ, ಬಟ್ಟೆ ಹಾಸಿದಂತೆ ಇರುವಾಗಲೇ ಪಟ್ಟಿ ಕೂರಿಸಿ, ಆಮೇಲೆ ಪಕ್ಕ ಹೊಲಿಯಿರಿ. ಪಟ್ಟಿ ಸೇರುವಲ್ಲಿ ಉಳಿಯುವ ದಪ್ಪವನ್ನು ಕೈಹೊಲಿಗೆಯಲ್ಲಿ ಒಂದು ಪಕ್ಕಕ್ಕೆ ಬಿಗಿದರೆ ಕಂಕುಳಿಗೆ ಚುಚ್ಚುವುದಿಲ್ಲ. ಫ್ಲೀಸ್ ಹೊಲಿದ ಮೇಲೆ ಬಾಬಿನ್ ಕೇಸ್ ತೆಗೆದು ಒಳಗಿನ ನೂಲುಹೊಟ್ಟನ್ನು ಬ್ರಷ್‌ನಲ್ಲಿ ಗುಡಿಸಿ.

ತಿದ್ದಿದ್ದನ್ನು ಕಾಗದಕ್ಕೆ ಇಳಿಸಿ

ಅಂಗಿ ಸರಿಹೋದ ದಿನವೇ ಪ್ಯಾಟರ್ನ್ ತಿದ್ದಿ. ಕೆರೆದ ಆರ್ಮ್‌ಹೋಲ್, ಸೇರಿಸಿದ ಪಟ್ಟಿ, ಮೋಟು ಮಾಡಿದ ಬೆನ್ನು ಎಲ್ಲವನ್ನೂ ಗೆರೆ ಎಳೆದು ತೋರಿಸಿ. ಪಕ್ಕದ ಹೊಲಿಗೆಯಲ್ಲಿ ಬೆನ್ನಿನ ತುಂಡು, ಹೊಟ್ಟೆ ತುಂಡು ಎರಡರ ಉದ್ದವನ್ನೂ ಟೇಪಿನಲ್ಲಿ ಅಳೆದು ಸಮ ಮಾಡಿ, ಏಕೆಂದರೆ ಒಂದನ್ನು ತಿದ್ದಿದಾಗ ಇನ್ನೊಂದು ಹಾಗೇ ಉಳಿದಿರುತ್ತದೆ. ಮಾರ್ಜಿನ್ ಸೇರಿದೆಯೋ ಇಲ್ಲವೋ, ಹಿಗ್ಗುವ ದಿಕ್ಕು ಯಾವುದು, ಯಾವ ಬಟ್ಟೆಗೆ ಮಾಡಿದ್ದು ಎಂದು ಅದರ ಮೇಲೇ ಬರೆಯಿರಿ. ನಾಯಿಯ ಎದೆಯ ಅಳತೆಯನ್ನೂ ತಾರೀಖನ್ನೂ ಮೂಲೆಯಲ್ಲಿ ಹಾಕಿ. ಮರಿಯಾಗಿದ್ದರೆ ಪ್ರತಿ ಅಂಗಿಗೂ ಮುಂಚೆ ಹೊಸದಾಗಿ ಅಳೆಯಬೇಕು.